ಇನ್ನೂರು ಮೀಟರ್ ದೂರ

ಹಾವೇರಿ ರೈಲು ನಿಲ್ದಾಣದ ಹೊರಗೆ ಬೆಳಗಿನ ಆರೂವರೆ. ಜನವರಿ ತಿಂಗಳ ಸೋಮವಾರ. ಚಹಾದ ಗ್ಲಾಸು ಕೆಳಗಿಟ್ಟು ನೀವು ನನ್ನ ಬೈಕಿನ ಹಿಂದೆ ಹತ್ತುತ್ತೀರಿ. ಲ್ಯಾಪ್‌ಟಾಪಿನ ಚೀಲ ನಿಮ್ಮ ಹೆಗಲಿಗಿರಲಿ, ಪಟ್ಟಿ ಬಿಗಿ ಮಾಡಿಕೊಳ್ಳಿ. ಇವತ್ತು ಎರಡು ಊರಿನ ಕೆಲಸ ಅದರೊಳಗಿದೆ.

ಹೆದ್ದಾರಿಯಲ್ಲಿ ಚಳಿ ಕಿವಿ ಕಚ್ಚುತ್ತದೆ. ತಾಡಪತ್ರಿ ಹೊದ್ದ ಲಾರಿಗಳು ಒಂದರ ಹಿಂದೆ ಒಂದು. ಮೋಟೆಬೆನ್ನೂರು ಬಂತು. ಗಾಂಧೀಜಿಯ ಜೊತೆ ದಂಡಿಗೆ ನಡೆದ ಮೈಲಾರ ಮಹಾದೇವಪ್ಪನವರ ಊರು. ನಾವೀಗ ಬಿಟ್ಟು ಬಂದ ನಿಲ್ದಾಣಕ್ಕೂ ಅವರದೇ ಹೆಸರು. ಹೆಸರಿನ ಮಾತು ಬಂತಲ್ಲ, ನಕ್ಷೆ ಮಾಡುವ ನನ್ನ ಕಸುಬಿನ ಮೊದಲ ತಲೆನೋವು ಅದೇ. ಬ್ಯಾಡಗಿಯನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆಯುತ್ತಾರೆ. ರಾಣೆಬೆನ್ನೂರು ಒಂದು ಕಾಗದದಲ್ಲಿ ‘ರಾಣೆ’, ಇನ್ನೊಂದರಲ್ಲಿ ‘ರಾಣಿ’. ನಮಗೆ ಅದು ಒಂದೇ ಊರು, ಕಂಪ್ಯೂಟರಿಗೆ ಬೇರೆ ಬೇರೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಊರಿನ ಹೆಸರು ಕನ್ನಡದಲ್ಲೇ ಇರುತ್ತದೆ.

ಹೆದ್ದಾರಿ ಬಿಟ್ಟು ಹೊರಳಿದರೆ ಬ್ಯಾಡಗಿ. ಮೊದಲು ಘಾಟು ಗಂಟಲಿಗೆ ಬರುತ್ತದೆ, ಆಮೇಲೆ ಊರು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಅಂತ ನೀವು ಕೇಳಿದ್ದೀರಿ. ಖರೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದೂ ಈ ಗುಣಕ್ಕೇ. ಆದರೆ ಎಪಿಎಂಸಿ ಅಂಗಳದಲ್ಲಿ ಸೋಮವಾರ ಸಾವಿರಾರು ಚೀಲ ಒಟ್ಟಿಗೆ ಬಾಯಿ ಬಿಟ್ಟಾಗ ಆ ಮಾತು ನಿಮ್ಮ ಮೂಗಿಗೆ ತಿಳಿಯುವುದಿಲ್ಲ. ಸೀನಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಹಮಾಲರು ಟವೆಲ್ಲನ್ನು ಮೂಗಿನವರೆಗೆ ಸುತ್ತಿಕೊಂಡು ದಾರಿ ಬಿಡಿಸಿಕೊಳ್ಳುತ್ತ ಹೋಗುತ್ತಾರೆ. ದಲಾಲಿ ಅಂಗಡಿಯ ಮುಂದಿನ ಲಾಟಿನಿಂದ ಒಂದು ಕಾಯಿ ಎತ್ತಿಕೊಳ್ಳಿ: ಗಿಡ್ಡ, ದುಂಡನೆ, ಮೈತುಂಬ ಸುಕ್ಕು, ಇದು ಡಬ್ಬಿ. ಪಕ್ಕದ ಉದ್ದನೆಯ ತೆಳ್ಳಗಿನದು ಕಡ್ಡಿ.

ಅಂಗಡಿಯ ಸಾಹುಕಾರರ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತೇನೆ. ಅವರಿಗೆ ಬೇಕಾದದ್ದು ಎರಡೇ: ತಮ್ಮ ಅಂಗಡಿಗೆ ಮಾಲು ಯಾವ ಯಾವ ಊರಿಂದ ಬರುತ್ತದೆ ಎಂಬ ಚಿತ್ರ, ಮತ್ತು ಹೊಸ ಡ್ರೈವರಿಗೆ ಗೋಡೌನ್, ಕೋಲ್ಡ್ ಸ್ಟೋರೇಜಿನ ದಾರಿ. ಲೆಕ್ಕದ ಹುಡುಗ ಟೈಪಿಸಿಟ್ಟ ಎಕ್ಸೆಲ್ ಪಟ್ಟಿಯನ್ನು ಕ್ಯೂಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರಿಗೆ ಹಾಕಿದೆ. ಪರದೆ ಖಾಲಿ. ನಕ್ಷೆಯನ್ನು ಕುಗ್ಗಿಸುತ್ತ ಹೋದೆ. ಭಾರತ ಚಿಕ್ಕದಾಯಿತು, ಏಷ್ಯಾ ಚಿಕ್ಕದಾಯಿತು. ಕಡೆಗೆ ನಾರ್ವೆಯ ಉತ್ತರಕ್ಕೆ, ಹಿಮಸಮುದ್ರದ ನಟ್ಟನಡುವೆ, ಚುಕ್ಕೆಗಳ ಗುಂಪು.

“ಏನ್ ತಮ್ಮಾ, ನಮ್ಮ ಗೋಡೌನ್ ಎಲ್ಲಿಗೆ ಹೋತು?”

“ಉತ್ತರ ಧ್ರುವದ ಹತ್ರ ಐತ್ರಿ, ಸಾಹುಕಾರ್ರ.”

“ಅಲ್ಲೇ ಇರ್ಲಿ ಬಿಡು. ಕೋಲ್ಡ್ ಸ್ಟೋರೇಜ್ ಬಾಡಿಗಿ ಉಳೀತೈತಿ.”

ತಪ್ಪು ಸಣ್ಣದು. ಬ್ಯಾಡಗಿಯ ಅಕ್ಷಾಂಶ ಸುಮಾರು 14.7, ರೇಖಾಂಶ 75.5. ಎಕ್ಸ್ ಕಾಲಮ್ಮಿಗೆ ರೇಖಾಂಶ ಹೋಗಬೇಕು, ವೈಗೆ ಅಕ್ಷಾಂಶ. ನಾವು ಮಾತಾಡುವಾಗ ಅಕ್ಷಾಂಶ ಮೊದಲು ಹೇಳುತ್ತೇವಲ್ಲ, ಹುಡುಗನೂ ಹಾಗೇ ಹಾಕಿದ್ದ. ಅದಲು ಬದಲು ಮಾಡಿದ ಮೇಲೆ ಚುಕ್ಕೆಗಳು ಧ್ರುವದಿಂದ ಒಂದೇ ನೆಗೆತಕ್ಕೆ ಬಂದು ಕೂತವು. ಸಾಹುಕಾರರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಹಾವೇರಿ ಜಿಲ್ಲೆಯೊಳಗೆ ಚುಕ್ಕೆ ವಿರಳ. ದಟ್ಟವಾಗಿರುವುದೆಲ್ಲ ಪೂರ್ವಕ್ಕೆ: ಬಳ್ಳಾರಿ, ರಾಯಚೂರು, ಗಡಿ ದಾಟಿ ಕರ್ನೂಲು. ವಹಿವಾಟು ಅವರಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ವಹಿಯಲ್ಲಿ ಅದು ಪುಟಪುಟವಾಗಿ ಹಂಚಿಹೋಗಿತ್ತು. ತುಸು ಹೊತ್ತು ಸುಮ್ಮನಿದ್ದು, ಫೋನಿಗೆ ಕೂರಿಸಲು ತೆಲುಗು ಬರುವ ಹುಡುಗನೊಬ್ಬ ಬೇಕು ಎಂದರು. ದುಡ್ಡು ಕೊಟ್ಟು ಕೊಳ್ಳದ ಸಾಫ್ಟ್‌ವೇರಿನಿಂದ ಆದ ವ್ಯಾಪಾರದ ತೀರ್ಮಾನ ಇಷ್ಟೇ, ಇಷ್ಟು ಸಾಕು.

ಈ ಕ್ಯೂಜಿಐಎಸ್‌ಅನ್ನು 2002ರಲ್ಲಿ ಶುರು ಮಾಡಿದವರು ಅಲಾಸ್ಕಾದ ಗ್ಯಾರಿ ಶರ್ಮನ್. ಹಿಮದ ನಾಡಿನವರೇ ನೋಡಿ. ನಮ್ಮ ಮೆಣಸಿನಕಾಯಿ ಆ ಕಡೆ ಓಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಡಿಯಲ್ಲಿರುವ ರಸ್ತೆಗಳ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿನದು, 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ್ದು. ಎರಡನ್ನೂ ವ್ಯಾಪಾರಕ್ಕೆ ಬಳಸಬಹುದು, ಲೈಸೆನ್ಸಿಗೆ ರೂಪಾಯಿ ಕೊಡಬೇಕಿಲ್ಲ. ನಕ್ಷೆ ಹೊರಗೆ ಹಂಚಿದರೆ ಓಪನ್‌ಸ್ಟ್ರೀಟ್‌ಮ್ಯಾಪಿನ ಕೊಡುಗೆದಾರರ ಹೆಸರು ಮೂಲೆಯಲ್ಲಿ ಹಾಕಬೇಕು. ಮತ್ತೊಂದು: ಗೂಗಲ್ ನಕ್ಷೆ ನೋಡಿ ಓಪನ್‌ಸ್ಟ್ರೀಟ್‌ಮ್ಯಾಪಿಗೆ ರಸ್ತೆ ನಕಲು ಮಾಡುವಂತಿಲ್ಲ. ಅದು ಕಳವು.

ದಾರಿಯ ಕೆಲಸಕ್ಕೆ ಮಾತ್ರ ಯಂತ್ರ ಸೋತಿತು. ಲೆಕ್ಕ ಹಾಕಿ ತೀರ ಹತ್ತಿರದ ದಾರಿ ತೋರಿಸಿತು, ಊರೊಳಗಿನ ಮುಖ್ಯರಸ್ತೆ. ಅಗಲೀಕರಣದ ಜಗಳ ವರ್ಷಗಟ್ಟಲೆ ನಡೆದ ರಸ್ತೆ ಅದು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಿರಿಯ ಹಮಾಲ ನಕ್ಕುಬಿಟ್ಟ. “ಯಪ್ಪಾ, ಸಂತಿ ದಿನ ಹತ್ತು ಗಾಲಿ ಲಾರಿ ಅಲ್ಲಿ ಹೊಕ್ಕರ ಗುರುವಾರದ ತನಕ ಅಲ್ಲೇ ನಿಂದರ್ತೈತಿ.” ಇಲ್ಲಿ ಪೇಟೆ ಸೋಮವಾರ ಮತ್ತು ಗುರುವಾರ. ಅವನ ಬೆರಳು ತೋರಿಸಿದ ಸುತ್ತಿನ ದಾರಿಯನ್ನು ನಾನು ಗೆರೆ ಎಳೆದೆ. ಡ್ರೈವರಿಗೆ ಕಳಿಸುವ ನಕ್ಷೆ ಅದೇ. ಇಂಥ ಬೆರಳಿಲ್ಲದಿದ್ದರೆ ಬಿಟ್ಟಿ ನಕ್ಷೆಯೂ ದುಬಾರಿಯೇ.

ಬಿಸಿಲೇರಿತು. ಮತ್ತೆ ಹೆದ್ದಾರಿ, ರಾಣೆಬೆನ್ನೂರು. ಬೀಜದ ಕಂಪನಿಗಳ ಬೋರ್ಡುಗಳ ನಡುವೆ ಹಾದು ಎರೆ ಹೊಲಕ್ಕೆ ಬಂದಿದ್ದೇವೆ. ಚಪ್ಪಲಿಗೆ ಮಣ್ಣು ಮೆತ್ತುತ್ತದೆ, ತೆಗೆದುಬಿಡಿ. ಬೀಜದ ಆರ್ಗನೈಸರ್ ಒಡ್ಡಿನ ಮೇಲೆ ಕಾಯುತ್ತಿದ್ದಾರೆ. ಕಂಪನಿಗೂ ರೈತರಿಗೂ ನಡುವೆ ನಿಂತು ಪ್ಲಾಟ್ ಹಿಡಿಸುವವರು ಇವರು. ಬೇಸಿಗೆಗೆ ಬೆಂಡೆ ಪ್ಲಾಟ್. ಹೈಬ್ರಿಡ್ ಬೆಂಡೆಯೆಂದರೆ ಹೆಣ್ಣುಮಕ್ಕಳ ಬೆರಳಿನ ಕೆಲಸ: ಸಂಜೆ ಮೊಗ್ಗು ಬಿಡಿಸಿ ಗಂಡು ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಹೂವು ತಂದು ಪರಾಗ ಮುಟ್ಟಿಸಬೇಕು. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಪಕ್ಕದಲ್ಲಿ ಯಾರೋ ಪೇಟೆಗೆಂದು ಬೇರೆ ಬೆಂಡೆ ಹಾಕಿದ್ದರೆ ಜೇನುನೊಣ ಅಲ್ಲಿಂದ ಪರಾಗ ಹೊತ್ತು ತಂದು ಇಷ್ಟೂ ಕಷ್ಟವನ್ನು ಕೆಡಿಸುತ್ತದೆ. ಆದ್ದರಿಂದಲೇ ಪ್ರಮಾಣಿತ ಬೆಂಡೆ ಬೀಜಕ್ಕೆ 200 ಮೀಟರ್ ಅಂತರ ಎಂಬ ನಿಯಮ. ತಪ್ಪಿದರೆ ಬೀಜ ಜಿಒಟಿಯಲ್ಲಿ, ಅಂದರೆ ಬೆಳೆಸಿ ಶುದ್ಧತೆ ನೋಡುವ ಪರೀಕ್ಷೆಯಲ್ಲಿ, ಫೇಲ್. ರೈತರ ದುಡ್ಡು ಹೋಯಿತು.

ಈ ಅಂತರವನ್ನು ಹೆಜ್ಜೆ ಹಾಕಿ ಅಳೆಯುವುದೇ ರೂಢಿ. ಉದ್ದ ಕಾಲಿನವರದು ಒಂದು ಲೆಕ್ಕ, ಗಿಡ್ಡ ಕಾಲಿನವರದು ಇನ್ನೊಂದು.

ಈಗ ಫೋನ್ ನಿಮ್ಮ ಕೈಗೆ. ಕ್ಯೂಫೀಲ್ಡ್ ಎಂಬ ಆ್ಯಪ್ ತೆರೆದಿದೆ. ಒಡ್ಡು ಹಿಡಿದು ಹೊಲ ಸುತ್ತಿ, ಮೂಲೆ ಬಂದಾಗ ನಿಂತು ಒಂದು ಚುಕ್ಕೆ ಒತ್ತಿ. ಅವಸರ ಬೇಡ, ಉಪಗ್ರಹ ಹಿಡಿಯಲು ಫೋನಿಗೆ ಕೊಂಚ ಹೊತ್ತು ಬೇಕು. ಹಾಗೆಯೇ ಪಕ್ಕದವರ ಬೆಂಡೆ ಹೊಲದ ಅಂಚನ್ನೂ. ಬೇವಿನ ಮರದ ನೆರಳಲ್ಲಿ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿ, ಪಕ್ಕದ ಹೊಲದ ಸುತ್ತ 200ರ ಬಫರ್ ಎಳೆಯುತ್ತೇನೆ. ಹೋದ ವರ್ಷ ಅಳತೆಯ ಮಾನ ನೋಡದೆ ಒತ್ತಿದ್ದೆ. ಪದರ ಡಿಗ್ರಿಯಲ್ಲಿತ್ತು, 200 ಡಿಗ್ರಿಯ ವರ್ತುಲ ಇಡೀ ಭೂಮಿಯನ್ನು ನುಂಗಿತು, ಜಗತ್ತಿನಲ್ಲಿ ಎಲ್ಲೂ ಬೆಂಡೆ ಹಾಕುವಂತಿರಲಿಲ್ಲ. ಈಗ ಮೊದಲು ಮೀಟರಿನ ಲೆಕ್ಕಕ್ಕೆ, ಯುಟಿಎಂ 43 ಉತ್ತರ ವಲಯಕ್ಕೆ ತರುತ್ತೇನೆ. ಅದರ ಸಂಖ್ಯೆ 32643. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರಕ್ಕೂ ಅದೇ, ಬರೆದಿಟ್ಟುಕೊಳ್ಳಿ.

ತಿಳಿಹಳದಿ ಪಟ್ಟಿಯೊಂದು ಹರಡಿ ನಮ್ಮ ಹೊಲದ ಅಂಚನ್ನು ಮೆಲ್ಲಗೆ ಏರಿತು. ಎರಡು ಹೊಲದ ನಡುವೆ 163 ಮೀಟರ್.

“ಮೂವತ್ತೇಳು ಕಡಿಮಿ ಬಿತ್ತಲ್ರೀ ಯಜಮಾನ್ರ,” ಆರ್ಗನೈಸರ್ ಅಂದರು.

ರೈತ ಪರದೆ ನೋಡಲಿಲ್ಲ, ಹೊಲ ನೋಡಿದರು. “ಹೆಜ್ಜಿ ಲೆಕ್ಕದಾಗ ಬರೋಬ್ಬರಿ ಇತ್ತು.”

“ಯಾರ ಹೆಜ್ಜಿರೀ?”

ಅವರೂ ನಕ್ಕರು. ಈ ನಕ್ಷೆಯನ್ನು ನಾನು ಎಲ್ಲೂ ಏರಿಸುವುದಿಲ್ಲ. ಯಾವ ಬೀಜ ಎಲ್ಲಿ ಬೆಳೆಯುತ್ತಿದೆ ಎಂಬುದು ಕಂಪನಿಯ ಗುಟ್ಟು. ರಸ್ತೆ ಎಲ್ಲರದು, ಹೊಲ ಅವರದು. ಫೈಲು ಆರ್ಗನೈಸರರ ಪೆನ್‌ಡ್ರೈವಿಗೆ ಹೋಯಿತು.

ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಆಗುತ್ತದೆಂದು ಹೇಳಿದೆ. ಹಾಗಾದರೆ ಎರಡೂ ಕಡೆ ಹಿಡಿದು 47 ಬಿಡೋಣ ಎಂದರು ರೈತ. ಆ 47 ಮೀಟರಿನ ಪಟ್ಟಿಗೆ ಗೋವಿನಜೋಳ ಹಾಕುವುದೆಂದು ಮಾತಾಯಿತು, ಬೆಂಡೆ ಅದರಾಚೆಗೆ.