ಕುರುಚಲ ರಾಶಿಗೆ ಕಡ್ಡಿ ಗೀರುವ ಮುನ್ನ

ಕರಾವಳಿ, ಮಲೆನಾಡುಗಳಲ್ಲಿ ಮನೆ ಕಟ್ಟುವವರು ಜಾಗ ಸಮತಟ್ಟು ಮಾಡಿಸುವಾಗ ಜೆಸಿಬಿ ಬುಡಸಮೇತ ಕಿತ್ತ ಲಂಟಾನ, ಯುಪಟೋರಿಯಂ, ಬಿದಿರುಮುಳ್ಳುಗಳನ್ನು ಮೂಲೆಯಲ್ಲಿ ಒಟ್ಟಿ, ನಾಲ್ಕು ದಿನ ಬಿಸಿಲು ಕಂಡೊಡನೆ ಬೆಂಕಿಯಿಡುವುದು ರೂಢಿಯಾಗಿದೆ. ಆದರೆ ಹಸಿ ಕೊಂಬೆಯ ನೀರು ಆವಿಯಾಗುತ್ತ ಕಾವನ್ನು ಹೀರುವುದರಿಂದ ದಹನ ಅಪೂರ್ಣವಾಗಿ, ಕಾರ್ಬನ್ ಮಾನಾಕ್ಸೈಡ್ ಅನಿಲದೊಂದಿಗೆ ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್ ಮೀರದ, ಶ್ವಾಸಕೋಶದ ಆಳಕ್ಕಿಳಿಯಬಲ್ಲ ಕಣಗಳು ನೆರೆಮನೆಯನ್ನು ತುಂಬುತ್ತವೆ. ಸೋನೆ ತಗುಲಿದರೆ ಮೈ ಬೊಬ್ಬೆಯೇಳಿಸುವ ಹೊಲಗೇರಿನಂಥ ಮರದ ತುಂಡುಗಳು ಆ ರಾಶಿಗೆ ಸೇರಲೇಬಾರದು.

ಹೀಗೆ ಸುಡುವುದನ್ನು ಕರಾವಳಿಯ ಸುಡುಮಣ್ಣಿನ ಪದ್ಧತಿಯೊಂದಿಗೆ ಹೋಲಿಸಿ ಸಮರ್ಥಿಸುವವರಿದ್ದಾರೆ, ಹೋಲಿಕೆ ಸರಿಯಲ್ಲ. ಸುಡುಮಣ್ಣೆಂದರೆ ಒಣ ತರಗೆಲೆ, ಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ನಿಧಾನವಾಗಿ ಬೇಯಿಸಿ ಪಡೆಯುವ ಗೊಬ್ಬರ. ಅದರ ಬೂದಿಯಲ್ಲಿನ ಪೊಟ್ಯಾಷ್ ಬಸಳೆಯ ಚಪ್ಪರಕ್ಕೋ ಮಲ್ಲಿಗೆಯ ಬುಡಕ್ಕೋ ಸಲ್ಲುತ್ತದೆ. ಸೈಟಿನ ಬೂದಿಯಾದರೋ ಮೊದಲ ಮಳೆಗೆ ಚರಂಡಿ ಸೇರುತ್ತದೆ.

ತೋಟದ ಕಸವನ್ನು ಬೇರೆಯಾಗಿರಿಸಿ ಸ್ಥಳೀಯ ಸಂಸ್ಥೆಯ ಸೂಚನೆಯಂತೆ ವಿಲೇವಾರಿ ಮಾಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದ್ದವು. ದಪ್ಪ ಕೊಂಬೆಗಳನ್ನು ಸೌದೆಗೆ ಕೊಟ್ಟು, ಸೊಪ್ಪನ್ನು ಕೊಚ್ಚಿ ಮುಂದೆ ಕೈತೋಟವಾಗುವ ಜಾಗದಲ್ಲಿ ಮುಚ್ಚಿಗೆಯಾಗಿ ಹರಡುವುದು ಕಷ್ಟದ ಕೆಲಸವೇನಲ್ಲ. ಸುಡುವುದು ಅನಿವಾರ್ಯವೇ ಆದರೆ, ವಾರಗಟ್ಟಲೆ ಬಿದ್ದ ರಾಶಿಯೊಳಗೆ ಹಾವು, ಓತಿ, ಇಲಿಮರಿಗಳು ನೆಲೆ ಹೂಡಿರುವುದರಿಂದ, ಅದನ್ನು ಸುಡುವ ದಿನವೇ ಪಕ್ಕಕ್ಕೆ ಬಿಡಿಸಿ ಹಾಕಿ, ಅವು ಹೊರಬೀಳಲು ಬಿಟ್ಟು, ಗಾಳಿಯಿಲ್ಲದ ಹೊತ್ತಿನಲ್ಲಿ ಸ್ವಲ್ಪಸ್ವಲ್ಪವಾಗಿ, ಕೊಡಗಳಲ್ಲಿ ನೀರು ತುಂಬಿಟ್ಟುಕೊಂಡೇ ಸುಡಬೇಕು.