ಏಳನೇ ದೀಪ

ಹಾವೇರಿಗೆ ಸಾಹಿತ್ಯ ಸಮ್ಮೇಳನ ಬಂದ ಚಳಿಗಾಲದ ಮಾತು ಇದು. 2020ರ ಫೆಬ್ರುವರಿಯಲ್ಲಿ ಕಲಬುರಗಿಯದು ಮುಗಿದದ್ದೇ ತಡ, ಕೊರೊನಾ ವಕ್ಕರಿಸಿತು. ನಮ್ಮ ಪಾಳಿ ಮುಂದಕ್ಕೆ ಹೋಗಿ ಹೋಗಿ ಕೊನೆಗೆ 2023ರ ಜನವರಿ 6, 7, 8ಕ್ಕೆ ಬಂದು ನಿಂತಿತು. 86ನೆಯ ಸಮ್ಮೇಳನ, ಅಧ್ಯಕ್ಷರು ದೊಡ್ಡರಂಗೇಗೌಡರು. ಪ್ರಧಾನ ವೇದಿಕೆಗೆ ಕನಕ, ಶರೀಫ, ಸರ್ವಜ್ಞ ಮೂವರ ಹೆಸರನ್ನೂ ಕೂಡಿಸಿ ಇಟ್ಟಿದ್ದರು. ಮೂವರೂ ನಮ್ಮ ಸೀಮೆಯವರು, ಯಾರನ್ನು ಬಿಡಲಿಕ್ಕೆ ಬರುತ್ತದೆ?

ಅಕ್ಕನ ಮಗ ರಾಣೆಬೆನ್ನೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದಾನೆ. ಮದುವೆ, ಸೀಮಂತ, ಮನೆ ಶಾಂತಿ, ನಡುನಡುವೆ ಬೀಜದ ಕಂಪನಿಗಳ ಕ್ಷೇತ್ರೋತ್ಸವ. ಸಮ್ಮೇಳನದ ಮೂರು ದಿನವನ್ನೂ ಎರಡು ಕ್ಯಾಮೆರಾ ಹಿಡಿದು ಶೂಟ್ ಮಾಡಬೇಕೆಂದು ಅವನು ಹಟ ತೊಟ್ಟಿದ್ದ. ಯಾರೂ ಆರ್ಡರ್ ಕೊಟ್ಟಿರಲಿಲ್ಲ, ಯಾರೂ ದುಡ್ಡು ಕೊಡುವವರೂ ಇರಲಿಲ್ಲ. ಕೇಳಿದರೆ, “ಇನ್ನೊಂದ್ ಸಲ ಇದು ಹಾವೇರಿಗೆ ಬರೋ ಹೊತ್ತಿಗೆ ನಮ್ಮ ಕೈಯಾಗ ಕ್ಯಾಮೆರಾ ಇರತೈತೋ ಕೋಲು ಇರತೈತೋ ಯಾರಿಗ್ಗೊತ್ತು ಮಾಮಾ” ಅಂದ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಯಾಮೆರಾದ ಸ್ಟ್ಯಾಂಡು ಹೊರುವ ಕೆಲಸ ನನ್ನ ಹೆಗಲಿಗೆ ಬಿತ್ತು.

ನಾನು ಫೋನ್ ಮೆಕ್ಯಾನಿಕ್ ಆಗಿದ್ದವನು. ಬಿಎಸ್ಸೆನ್ನೆಲ್ಲಿನಲ್ಲಿ 2020ರ ಜನವರಿ 31ರಂದು ದೊಡ್ಡ ಸಂಖ್ಯೆಯಲ್ಲಿ ಸ್ವಯಂನಿವೃತ್ತಿ ಆಯಿತಲ್ಲ, ಅದರಲ್ಲಿ ಹೊರಬಂದೆ. ಕಂಬ ಹತ್ತಿ, ಗುಂಡಿಗಿಳಿದು, ಜೆಲ್ಲಿ ಕೇಬಲ್ಲಿನ ಜೋಡಿ ತಂತಿಗಳನ್ನು ಬಣ್ಣ ನೋಡಿ ಬೇರ್ಪಡಿಸಿಯೇ ಆಯುಷ್ಯ ಸವೆದಿದೆ. ಇದನ್ನು ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಸಮ್ಮೇಳನದ ದಿನಗಳಲ್ಲಿ ಹಾವೇರಿಯಲ್ಲಿ ಒಂದು ಲಾಡ್ಜಿನ ಕೋಣೆ ಸಿಕ್ಕರೆ ಕೇಳಿ. ರಾತ್ರಿಗೆ ಬ್ಯಾಡಗಿಯ ಅಕ್ಕನ ಮನೆಯೇ ಗತಿ. ಹೆದ್ದಾರಿಯಲ್ಲಿ ಬಂದು ಮೋಟೆಬೆನ್ನೂರಿನಲ್ಲಿ ತಿರುಗಿದರೆ ಬ್ಯಾಡಗಿ. ಜನವರಿ ಎಂದರೆ ಅಲ್ಲಿ ಮೆಣಸಿನಕಾಯಿಯ ಹಂಗಾಮು ಏರುವ ಹೊತ್ತು. ಮೊದಲ ದಿನದ ಶೂಟಿಂಗ್ ಮುಗಿಸಿ ನಾವು ಬಂದಾಗ, ಹಿಂದಿನ ದಿನ ಗುರುವಾರದ ಮಾರುಕಟ್ಟೆ ಮುಗಿದಿತ್ತು, ಲಾರಿಗಳು ಇನ್ನೂ ಕರಗಿರಲಿಲ್ಲ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎನ್ನುತ್ತಾರೆ. ಹೌದು, ಆದರೆ ಅದರ ಧೂಳಿಗೆ ಆ ಮರ್ಯಾದೆ ಇಲ್ಲ. ಊರೊಳಗೆ ಕಾಲಿಟ್ಟ ಕೂಡಲೇ ನಾವಿಬ್ಬರೂ ಸೀನಲು ಶುರು ಮಾಡಿದೆವು.

ಅಳಿಯನ ಸಂಗ್ರಹವೆಲ್ಲ ಆ ಮನೆಯಲ್ಲಿತ್ತು. ಸ್ಟುಡಿಯೊ ಬಾಡಿಗೆ ಕೋಣೆ, ಅಲ್ಲಿ ಇಡಲು ಅವನಿಗೆ ಧೈರ್ಯವಿರಲಿಲ್ಲ. ಯಾವುದೋ ಕಚೇರಿಯಿಂದ ಬಂದ ಹಳೆಯ ಡೆಸ್ಕ್‌ಟಾಪ್, ಅದರೊಳಗೆ 4 ಟೆರಾಬೈಟಿನ ಎರಡು ಹಾರ್ಡ್‌ಡಿಸ್ಕ್, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬೀಳುವ ಹಾಗೆ ವ್ಯವಸ್ಥೆ, ಮೇಲೆ ಲಿನಕ್ಸ್, ಫೈಲುಗಳನ್ನು ಬೇರೆ ಕಂಪ್ಯೂಟರಿಗೆ ತೆರೆದಿಡಲು ಸಾಂಬಾ. ಅಕ್ಕ ಅದನ್ನು ಡಬ್ಬಿ ಎನ್ನುತ್ತಾಳೆ. ಬ್ಯಾಡಗಿಯಲ್ಲಿ ಡಬ್ಬಿ ಎಂದರೆ ಮೆಣಸಿನಕಾಯಿಯ ಒಂದು ತಳಿ. ಅವಳು ಫೋನಿನಲ್ಲಿ “ಡಬ್ಬಿ ಬಿಸಿ ಆಗೈತಿ” ಅಂದಾಗ ಕೇಳಿದವರು ಏನು ತಿಳಿದುಕೊಂಡರೋ.

ಊಟ ಮುಗಿಸಿ ಅವನು ನಕಲು ಮಾಡಲು ಕೂತ. 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಬರೆದರೆ ಒಂದು ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ಸೇರಿ ಆವತ್ತು ಆರು ಗಂಟೆಯ ಚಿತ್ರ, ಅಂದರೆ 270 ಜಿಬಿ. ಕಾರ್ಡುಗಳು ಬೆಳಗಾಗುವುದರೊಳಗೆ ಖಾಲಿಯಾಗಬೇಕು, ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ. ವೈಫೈನಲ್ಲಿ ಶುರು ಮಾಡಿದ, ಅದು ತೆವಳುತ್ತಿತ್ತು. ತಂತಿ ತಂದು ರೂಟರಿಗೆ ಚುಚ್ಚಿದ. ಸೆಕೆಂಡಿಗೆ 11 ಮೆಗಾಬೈಟಿಗೆ ಹತ್ತಿತು, ಅಲ್ಲೇ ಕೂತಿತು. ಪರದೆಯ ಮೇಲೆ ಆರೂವರೆ ತಾಸು ಬಾಕಿ ಎಂದು ಬಂತು.

“ನಾಳೆನೇ ಇಂಟರ್ನೆಟ್ ಪ್ಲಾನ್ ಏರಿಸಿಬಿಡ್ತೀನಿ ಮಾಮಾ.”

“ಯಾಕಪಾ? ನಿನ್ನ ವಿಡಿಯೊ ಮನಿ ಬಿಟ್ಟು ಹೊರಗ ಎಲ್ಲಿ ಹೊಂಟೈತಿ?”

ಈ ತಪ್ಪು ತಿಳಿವಳಿಕೆ ಎಷ್ಟು ಮನೆಗಳಲ್ಲಿ ಎಷ್ಟು ದುಡ್ಡು ತಿಂದಿದೆಯೋ. ಲ್ಯಾಪ್‌ಟಾಪು ಮತ್ತು ಡಬ್ಬಿಯ ನಡುವಿನ ಓಡಾಟಕ್ಕೂ ನಾವು ತಿಂಗಳಿಗೆ ಕಟ್ಟುವ ಪ್ಲಾನಿಗೂ ಸಂಬಂಧವೇ ಇಲ್ಲ. ಹೊರಗಿನ ಫೈಬರ್ ಕತ್ತರಿಸಿ ಒಗೆದರೂ ಆ ನಕಲು ನಡೆಯುತ್ತಲೇ ಇರುತ್ತದೆ.

11 ಎಂಬ ಸಂಖ್ಯೆ ನನಗೆ ಕಣ್ಣಿಗೆ ಹೊಡೆಯಿತು. 100 ಮೆಗಾಬಿಟ್ಟನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ ಮೆಗಾಬೈಟ್; ವಿಳಾಸ, ಲೆಕ್ಕಪತ್ರದ ಖರ್ಚು ಕಳೆದರೆ ಹನ್ನೊಂದು ಚಿಲ್ಲರೆ. ಎಲ್ಲೋ ಒಂದು ಕಡೆ 100ರ ಕೊಂಡಿ ಇದೆ. ಗಿಗಾಬಿಟ್ ಆಗಿದ್ದರೆ 110ರ ಮೇಲೆ ಬರಬೇಕು. ಎಪಿಎಂಸಿ ಪ್ರಾಂಗಣದಲ್ಲಿ ಎಷ್ಟೇ ಅಗಲದ ರಸ್ತೆ ಇರಲಿ, ಗೇಟಿನಲ್ಲಿ ಒಂದೇ ಲಾರಿ ಹಿಡಿಸಿದರೆ ಗೇಟಿನದೇ ವೇಗ.

ರೂಟರನ್ನು ತಿರುವಿ ಬ್ಯಾಟರಿ ಹಿಡಿದು ಕೆಳಗಿನ ಚೀಟಿ ಓದಿದೆ. ಗೋಡೆಯಿಂದ ಬರುವ ಫೈಬರ್ ಹೊಸದು. ಆದರೆ ಹಿಂದಿನ ನಾಲ್ಕು ಕಿಂಡಿಗಳೂ 10/100. ಸಂಪರ್ಕದ ಜೊತೆ ಪುಕ್ಕಟೆಯಾಗಿ ಕೊಡುವ ರೂಟರುಗಳಲ್ಲಿ ಇದು ಅಪರೂಪವಲ್ಲ. ಡಬ್ಬಿಯಲ್ಲೂ ಲ್ಯಾಪ್‌ಟಾಪಿನಲ್ಲೂ ಗಿಗಾಬಿಟ್ ಇದ್ದೂ ನಡುವೆ ಇದು ಕೂತಿತ್ತು.

“ಇದನ್ನ ನಡುವಿಂದ ಎಬ್ಬಿಸೋಣ” ಅಂದೆ. ಲ್ಯಾಪ್‌ಟಾಪಿಗೂ ಡಬ್ಬಿಗೂ ನೇರವಾಗಿ ಒಂದೇ ತಂತಿ. ಹಿಂದೆ ಇದಕ್ಕೆ ತಂತಿಯನ್ನು ಅಡ್ಡ ಮಾಡಿ ಕಟ್ಟಬೇಕಿತ್ತು. ಗಿಗಾಬಿಟ್ ಕಿಂಡಿಗಳು ಅದನ್ನು ತಾವೇ ಸರಿದೂಗಿಸಿಕೊಳ್ಳುತ್ತವೆ. ವಿಳಾಸ ಹಂಚಲು ಈಗ ರೂಟರು ಇಲ್ಲ, ನಾವೇ ಕೊಡಬೇಕು. ಪರದೆಗೆಂದು ಅಕ್ಕನ ಟಿವಿಯನ್ನು ಜೋಡಿಸಿ ಡಬ್ಬಿಗೆ 10.0.0.1 ಕೊಟ್ಟೆವು, ಲ್ಯಾಪ್‌ಟಾಪಿಗೆ 10.0.0.2. ನಕಲು ಮಾಡುವಾಗ ಆ ಹೊಸ ವಿಳಾಸವನ್ನೇ ಬರೆದು ಡಬ್ಬಿಯನ್ನು ತೆರೆಯಬೇಕು, ಇಲ್ಲದಿದ್ದರೆ ಲ್ಯಾಪ್‌ಟಾಪು ಹಳೆಯ ವೈಫೈ ದಾರಿಯನ್ನೇ ಹಿಡಿಯುವುದುಂಟು.

ಶುರು ಮಾಡಿದೆವು. ಮತ್ತೆ 11.

ಅಳಿಯ ನನ್ನ ಮುಖ ನೋಡಿದ. ಅಕ್ಕ ಒಳಗಿನಿಂದ, “ಇಬ್ರೂ ಮಕ್ಕೊಳ್ರೋ, ಬೆಳಿಗ್ಗೆ ಹಾವೇರಿಗೆ ಹೋಗೂದೈತಿ” ಅಂತ ಕೂಗಿದಳು. ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡ್ ಎಂಬ ಸಾಲು ಇರುತ್ತದೆ, ಅದರಲ್ಲಿ 100/100 ಎಂದೇ ಇತ್ತು. ಎರಡು ಕಡೆಯೂ ಗಿಗಾಬಿಟ್. ಉಳಿದದ್ದು ತಂತಿ ಒಂದೇ.

ತಂತಿ ಎಂದ ಮೇಲೆ ಅದು ನನ್ನ ಹೊಲ. ಈ ನೀಲಿ ಕೇಬಲ್ಲಿನೊಳಗೆ ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು, ಪ್ರತಿಯೊಂದರ ಜೊತೆಗೂ ಒಂದು ಬಿಳಿ. ಟೆಲಿಫೋನ್ ಕೇಬಲ್ಲಿನ ಮೊದಲ ನಾಲ್ಕು ಜೋಡಿಯ ಬಣ್ಣಗಳೂ ಇವೇ. ಜೋಡಿಗಳನ್ನು ಹುರಿ ಮಾಡಿ ಸುತ್ತುವ ಉಪಾಯ ಗ್ರಹಾಂ ಬೆಲ್ಲನದು, 1881ರದು. ಹೊರಗಿನ ವಿದ್ಯುತ್ತಿನ ಗದ್ದಲ ಎರಡು ಎಳೆಗೂ ಸಮನಾಗಿ ತಾಗಿ, ಕೊನೆಯಲ್ಲಿ ಕಳೆದುಹೋಗಲಿ ಎಂದು ಈ ಸುತ್ತು. 100 ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು: ಹೋಗಲು ಒಂದು, ಬರಲು ಒಂದು. 1999ರಲ್ಲಿ ಬಂದ ಗಿಗಾಬಿಟ್ಟಿನ ನಿಯಮ ಬೇರೆ. ಅದಕ್ಕೆ ನಾಲ್ಕೂ ಜೋಡಿ ಬೇಕು, ಪ್ರತಿ ಜೋಡಿಯೂ 250 ಮೆಗಾಬಿಟ್ ಹೊರುತ್ತದೆ, ಅದೂ ಒಂದೇ ಹೊತ್ತಿಗೆ ಎರಡೂ ದಿಕ್ಕಿಗೆ. 100ಕ್ಕೆ ಬೇಡದ ಜೋಡಿಗಳಲ್ಲಿ ಒಂದು ಎಳೆ ತಪ್ಪಿದರೂ ಎರಡು ತುದಿಯ ಯಂತ್ರಗಳು ಜಗಳವಾಡದೆ 100ಕ್ಕೆ ಇಳಿದುಬಿಡುತ್ತವೆ. ಹೇಳುವುದಿಲ್ಲ, ಕೇಳುವುದಿಲ್ಲ. ಇಂಟರ್ನೆಟ್ ಬರುತ್ತಿರುತ್ತದೆ, ಸಿನಿಮಾ ಓಡುತ್ತಿರುತ್ತದೆ, ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ.

ಆ ಹೊತ್ತಿನಲ್ಲಿ ಬ್ಯಾಡಗಿಯಲ್ಲಿ ಹೊಸ ಕೇಬಲ್ ಎಲ್ಲಿ ಸಿಗಬೇಕು? ಓಣಿಯಲ್ಲಿ ಟಿವಿ ಕೇಬಲ್ಲಿನ ಹುಡುಗನೊಬ್ಬ ಇದ್ದ. ದಲಾಲಿ ಅಂಗಡಿಯ ಸಂಪರ್ಕ ಸರಿ ಮಾಡಿ ಆಗಷ್ಟೇ ಮನೆಗೆ ಬಂದಿದ್ದ. ಕರೆದದ್ದಕ್ಕೆ ಬೇಸರಿಸಲಿಲ್ಲ, ಟೆಸ್ಟರು, ಕ್ರಿಂಪಿಂಗ್ ಟೂಲು, ಜೇಬು ತುಂಬ ಪ್ಲಗ್ಗು ತಂದ. ಟೆಸ್ಟರೆಂದರೆ ಎರಡು ತುಂಡಿನ ಸಣ್ಣ ಡಬ್ಬ, ಕೇಬಲ್ಲಿನ ಎರಡು ತುದಿಗೆ ಎರಡು. ಎಂಟು ಎಳೆಗೆ ಎಂಟು ದೀಪ, ಒಂದಾದ ಮೇಲೊಂದು ಹೊತ್ತಬೇಕು. ಒಂದು, ಎರಡು, ಮೂರು, ನಾಲ್ಕು, ಐದು, ಆರು... ಕತ್ತಲೆ... ಎಂಟು.

“ಏಳು ಇಲ್ರೀ ಕಾಕಾ.”

ಏಳು ಎಂದರೆ ಬಿಳಿ-ಕಂದು. 100ಕ್ಕೆ ಬೇಕಾದದ್ದು 1, 2, 3, 6. ಅವು ನಾಲ್ಕೂ ಗಟ್ಟಿ ಇದ್ದವು.

ಪ್ಲಗ್ ಕತ್ತರಿಸಿ ಎಳೆಯನ್ನು ಚಾಕುವಿನಿಂದ ಹೆರೆದೆ. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅಗ್ಗದ ಕೇಬಲ್ಲುಗಳಲ್ಲಿ ಇದೇ ಇರುತ್ತದೆ. ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ಹುಡುಗನ ಚೀಲದಲ್ಲಿ ಅಪ್ಪಟ ತಾಮ್ರದ ಕ್ಯಾಟ್-5ಇ ತುಂಡೊಂದಿತ್ತು, ಪಡಸಾಲೆ ದಾಟುವಷ್ಟು ಉದ್ದ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಅವನು ಬಾಯಲ್ಲಿ ಗುಣುಗುತ್ತ ಜೋಡಿಸಿದ, ನಾನು ಕನ್ನಡಕ ಏರಿಸಿ ನೋಡಿದೆ. ಹುರಿಯನ್ನು ಅರ್ಧ ಇಂಚಿಗಿಂತ ಹೆಚ್ಚು ಬಿಚ್ಚಬೇಡ ಎಂದದ್ದಕ್ಕೆ, “ಗೊತ್ರೀ” ಅಂತ ಸ್ವಲ್ಪ ಸಿಡುಕಿದ. ಗೊತ್ತಿದ್ದವರೇ ಹಾಗೆ ಸಿಡುಕುವುದು.

ಎಂಟು ದೀಪವೂ ಹೊತ್ತಿದವು. ಲಿಂಕ್ ಸ್ಪೀಡ್ 1000ಕ್ಕೆ ಏರಿತು. ನಕಲು 112ರ ಸುತ್ತ ನಿಂತಿತು, ಆರೂವರೆ ತಾಸಿನ ಕೆಲಸ ನಲವತ್ತು ನಿಮಿಷಕ್ಕೆ ಬಂತು. ಹುಡುಗ ದುಡ್ಡು ಬೇಡ ಅಂದ. ಅಕ್ಕ ಎದ್ದುಬಂದು ಮೂವರಿಗೂ ಚಹಾ ಕೊಟ್ಟಳು, ಮಲಗಲಿಲ್ಲವೆಂದು ನನ್ನನ್ನೇ ಬೈದಳು. ಮರುದಿನ, ಅದರ ಮರುದಿನದ ರಾತ್ರಿಗಳಲ್ಲಿ ಹೇಳುವಂಥದ್ದು ಏನೂ ನಡೆಯಲಿಲ್ಲ.

ಅಳಿಯನಿಗೆ ವೇಗದ ರುಚಿ ಹತ್ತಿತು. ರಾಣೆಬೆನ್ನೂರಿನಲ್ಲಿ ಗಟ್ಟಿ ಬಾಗಿಲಿನ ಮಳಿಗೆ ಸಿಕ್ಕ ಮೇಲೆ ಡಬ್ಬಿಯನ್ನು ಅಲ್ಲಿಗೆ ಒಯ್ದ. ಎರಡೂವರೆ ಗಿಗಾಬಿಟ್ ಹಾಕಿಸೋಣ ಎಂದ. ಇದಕ್ಕೆ ನಾನು ಕೂಡಲೇ ಹೂಂ ಅಂದೆ. 2016ರಲ್ಲಿ ಈ ನಿಯಮ ಬಂದದ್ದೇ ಹಳೆಯ ಕ್ಯಾಟ್-5ಇ ತಂತಿಯನ್ನು ಕೀಳದೆ ವೇಗ ಹೆಚ್ಚಿಸಲಿಕ್ಕೆ. ಡಬ್ಬಿಯೊಳಗೆ ಒಂದು ಕಾರ್ಡು, ಲ್ಯಾಪ್‌ಟಾಪಿಗೆ ಯುಎಸ್‌ಬಿ ಅಡಾಪ್ಟರು, ಅಷ್ಟೇ. ಅಡಾಪ್ಟರನ್ನು ಯುಎಸ್‌ಬಿ 3ರ ಕಿಂಡಿಗೇ ಚುಚ್ಚಬೇಕು. ಹಳೆಯ ಯುಎಸ್‌ಬಿ 2ರ ಮಿತಿ 480 ಮೆಗಾಬಿಟ್, ಅಲ್ಲಿಗೆ ಚುಚ್ಚಿದರೆ ಗಿಗಾಬಿಟ್ಟಿಗಿಂತಲೂ ಕಡೆ.

ಸೆಕೆಂಡಿಗೆ 280 ಮೆಗಾಬೈಟ್ ಬರುತ್ತದೆ ಎಂದು ಅವನ ಲೆಕ್ಕ, ಬಂದದ್ದು 170. ಕೊಂಡಿಯಲ್ಲಿ ಈ ಸಲ ದೋಷವಿರಲಿಲ್ಲ. ತಿರುಗುವ ಹಾರ್ಡ್‌ಡಿಸ್ಕ್ ಬರೆಯುವ ವೇಗವೇ ಅಷ್ಟು, ತಟ್ಟೆಯ ಹೊರ ಅಂಚಿನಿಂದ ಒಳಕ್ಕೆ ತುಂಬುತ್ತ ಹೋದಂತೆ ಅದೂ ಇಳಿಯುತ್ತದೆ. ಇಕ್ಕಟ್ಟು ತಂತಿಯಿಂದ ಡಿಸ್ಕಿಗೆ ಸರಿದಿತ್ತು. ಎರಡು ಕೇಬಲ್ ಕೂಡಿಸಿ ಕಟ್ಟಿದರೆ ಹೇಗೆ ಎಂದು ಕೇಳಿದ. ಹಾಗೆ ಕಟ್ಟಿದಾಗ ಒಂದು ನಕಲು ಒಂದೇ ಕೇಬಲ್ಲಿನಲ್ಲಿ ಹೋಗುತ್ತದೆ. ನಾಲ್ಕು ಜನ ಒಟ್ಟಿಗೆ ಕೆಲಸ ಮಾಡುವ ಕಚೇರಿಗೆ ಅದು ಸರಿ, ಅವನ ಅಂಗಡಿಗಲ್ಲ. ಕೊನೆಗೆ ಡಬ್ಬಿಯೊಳಗೆ ಒಂದು ಎಸ್‌ಎಸ್‌ಡಿ ಕೂರಿಸಿದ. ಕೈಯಲ್ಲಿರುವ ಮದುವೆ ಅದರಲ್ಲಿ, ಮುಗಿದ ಮದುವೆಗಳು ಹಾರ್ಡ್‌ಡಿಸ್ಕಿನಲ್ಲಿ. ಆಗ 280 ಬಂತು. ವಿಡಿಯೊವನ್ನು ಲ್ಯಾಪ್‌ಟಾಪಿಗೆ ತಂದುಕೊಳ್ಳದೆ ಡಬ್ಬಿಯಲ್ಲಿಟ್ಟೇ ಎಡಿಟ್ ಮಾಡುತ್ತಾನೆ.

ಈಚೆಗೆ 10 ಗಿಗಾಬಿಟ್ಟಿನ ಮಾತು ಎತ್ತಿದ್ದ. ಬೇಡ ಅಂದೆ, ಅವನ ಎಸ್‌ಎಸ್‌ಡಿಯೇ 500ಕ್ಕೆ ನಿಲ್ಲುವಂಥದ್ದು. ಆ ದುಡ್ಡಿನಲ್ಲಿ ಇನ್ನೊಂದು ಹಾರ್ಡ್‌ಡಿಸ್ಕ್ ತರಿಸಿ, ಸಮ್ಮೇಳನದ ಮೂರು ದಿನದ ಚಿತ್ರದ ಎರಡನೇ ಪ್ರತಿಯನ್ನು ಬ್ಯಾಡಗಿಯ ಮನೆಯಲ್ಲಿ ಇಡಿಸಿದ್ದೇನೆ. ಒಂದೇ ಪೆಟ್ಟಿಗೆಯಲ್ಲಿ ಜೋಡಿ ಡಿಸ್ಕ್ ಇದ್ದರೆ ಒಂದು ಕೆಟ್ಟಾಗ ಇನ್ನೊಂದು ಉಳಿಯುತ್ತದೆ. ಪೆಟ್ಟಿಗೆಯೇ ಕಳುವಾದರೆ ಎರಡೂ ಹೋಗುತ್ತವೆ.