ನೀರಿಗೂ ವಯಸ್ಸಿದೆ

ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆಯಿಂದ ಬಂದ ನಾವು ಮೂವರಿಗೂ ಸಮುದ್ರ ಅಂದ್ರೆ ಟೂರಿನ ಫೋಟೋ ಅಷ್ಟೇ. ಊರಲ್ಲಿ ನೀರಿನ ಮಾತೆಲ್ಲ ಬೋರ್‌ವೆಲ್‌ದೇ: ಎಷ್ಟು ಅಡಿಗೆ ಬಿತ್ತು, ಎಷ್ಟು ಇಂಚು ಬಂತು. ಆದ್ರೂ ಸಮುದ್ರದ ಒಂದು ವಿದ್ಯೆ ನಮ್ಮ ತಲೆ ಹೊಕ್ಕಿದೆ.

ಹಳೇ ಫ್ರಿಜ್, ಏಸಿಗಳಿಗೆ ತುಂಬ್ತಿದ್ದ ಸಿಎಫ್‌ಸಿ ಅನಿಲಗಳು ಕಾರ್ಖಾನೆಯವು. 1930ರ ದಶಕದಿಂದ ಗಾಳಿಗೆ ಸೇರುತ್ತಾ ಬಂದವು. ಯಾವ ವರ್ಷ ಗಾಳಿಯಲ್ಲಿ ಎಷ್ಟಿತ್ತು ಅನ್ನೋ ಲೆಕ್ಕ ವಿಜ್ಞಾನಿಗಳ ಹತ್ತಿರ ಇದೆ. ಸಮುದ್ರದ ಮೇಲಿನ ನೀರು ಇದನ್ನ ಚೂರು ಹೀರಿಕೊಳ್ಳುತ್ತೆ. ಧ್ರುವಗಳ ಹತ್ತಿರ ತಣ್ಣಗಾಗಿ, ಭಾರವಾಗಿ ಆ ನೀರು ಮುಳುಗಿದರೆ, ಮುಳುಗಿದ ಕಾಲದ ಗುರುತೂ ಅದರ ಜೊತೆಗೇ ಹೋಗುತ್ತೆ. ಆಳದ ನೀರು ಎತ್ತಿ ಅಳೆದರೆ ವಯಸ್ಸು ಸಿಗುತ್ತೆ.

ಅಳೆಯೋದೇ ಕಷ್ಟ. ಒಂದು ಕೆಜಿ ಸಮುದ್ರದ ನೀರಲ್ಲಿ ಇರೋದು ಕೆಲವೇ ಪಿಕೋಮೋಲ್. ನೀರಿನೊಳಗೆ ಶುದ್ಧ ನೈಟ್ರೋಜನ್ ಗುಳ್ಳೆ ಹಾಯಿಸಿ ಅನಿಲವನ್ನ ಹೊರಗೆ ತಂದು, ತಣ್ಣಗಿನ ಕೊಳವೆಯಲ್ಲಿ ಹಿಡಿದು, ಆಮೇಲೆ ಬಿಸಿ ಮಾಡಿ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ ಬಿಡ್ತಾರೆ. ಕೊನೆಯಲ್ಲಿ ಕಾಯ್ತಿರೋದು ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್. 1957ರಲ್ಲಿ ಜೇಮ್ಸ್ ಲವ್‌ಲಾಕ್ ಕಂಡುಹಿಡಿದದ್ದು. ಸ್ಯಾಂಪಲ್‌ಗೆ ಹೊರಗಿನ ಗಾಳಿ ಸೋಕಂಗಿಲ್ಲ. ಹಡಗಿನ ಫ್ರಿಜ್ ಸೋರಿದ್ರೂ ಸಾಕು, ಲೆಕ್ಕ ಕೆಟ್ಟಂಗೆ.

1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಸಿಎಫ್‌ಸಿ ಏರಿಕೆ ನಿಂತು, ನಿಧಾನಕ್ಕೆ ಇಳಿಯೋಕೆ ಶುರುವಾಯ್ತು. ಭೂಮಿಗೆ ಒಳ್ಳೇದು, ಅಳೆಯೋರಿಗೆ ತೊಡಕು: ಒಂದೇ ಅಳತೆಗೆ ಎರಡು ವರ್ಷ ಹೊಂದುತ್ತೆ. ಅದಕ್ಕೇ ಈಗ ಸಲ್ಫರ್ ಹೆಕ್ಸಾಫ್ಲೋರೈಡ್ ಕೂಡ ಅಳೀತಾರೆ. ಎಲೆಕ್ಟ್ರಿಕಲ್‌ನವರಿಗೆ ಇದು ಗೊತ್ತು, ಸಬ್‌ಸ್ಟೇಷನ್ನಿನ ಸರ್ಕ್ಯೂಟ್ ಬ್ರೇಕರ್ ಒಳಗಿನ ಗ್ಯಾಸ್. ಗಾಳಿಯಲ್ಲಿ ಇನ್ನೂ ಏರ್ತಾನೇ ಇದೆ. ನೀರಲ್ಲಿ ಇದು ಫೆಮ್ಟೋಮೋಲ್ ಲೆಕ್ಕ, ಅಂದ್ರೆ ಪಿಕೋದ ಸಾವಿರದ ಒಂದು ಪಾಲು.

ನಮ್ಮನ್ನ ಹಿಡಿದದ್ದು ಮುಂದಿನ ಮಾತು. ಇದೇ ವಿದ್ಯೆಯಿಂದ ಅಂತರ್ಜಲದ ವಯಸ್ಸನ್ನೂ ನೋಡ್ತಾರೆ. ಇಂಗುವ ಮಳೆನೀರೂ ತನ್ನ ಕಾಲದ ಗಾಳಿ ಹೊತ್ತೇ ಇಳಿಯುತ್ತೆ. ಆದ್ರೆ ಎಚ್ಚರ ಬೇಕು. ಗ್ರಾನೈಟ್‌ನಂಥ ಕಲ್ಲಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಸಹಜವಾಗೇ ಒಂಚೂರು ಇರುತ್ತೆ, ನೀರು ಇರೋದಕ್ಕಿಂತ ಎಳೇದಾಗಿ ಕಾಣಬಹುದು. ಆಮ್ಲಜನಕ ಇಲ್ಲದ ಕಡೆ ಸಿಎಫ್‌ಸಿ ಕರಗಿಹೋಗಿ, ನೀರು ಹಳೇದಾಗಿ ಕಾಣಬಹುದು. ಹಾಗಾಗಿ ಟ್ರಿಟಿಯಂ ಥರದ್ದನ್ನೂ ಜೊತೆಗಿಟ್ಟೇ ತೀರ್ಮಾನಿಸಬೇಕು.

ಊರಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಪಾಯಿಂಟ್ ತೋರಿಸೋರಿದ್ದಾರೆ. ಅವರು ಎಲ್ಲಿ ಅಂತಾರೆ, ಯಾವತ್ತಿಂದು ಅನ್ನಲ್ಲ. ನಮಗೆ ಬೇಕಿರೋದು ಎರಡನೇದು. ಬೋರಿನ ನೀರು ಹತ್ತಿಪ್ಪತ್ತು ವರ್ಷದ್ದಾದ್ರೆ, ಒಳ್ಳೇ ಮಳೆ ಬಂದು ಇಂಗಿದ್ರೆ ಮತ್ತೆ ತುಂಬುತ್ತೆ, ಅದು ಸಂಬಳ. ಕಾರ್ಖಾನೆ ಗಾಳಿಯ ಸುಳಿವೇ ಇಲ್ಲದಿದ್ರೆ ನಮ್ಮ ತಾತ ಹುಟ್ಟೋಕೂ ಮುಂಚಿನ ಮಳೆ ಇದ್ದೀತು. ಅದು ಅಡವಿಟ್ಟರೆ ಬಿಡಿಸಿಕೊಳ್ಳೋಕಾಗದ ಒಡವೆ. ಸಾಲ ಮಾಡಿ ಇನ್ನೊಂದು ಬೋರ್ ಕೊರೆಸಬೇಕೋ, ಆ ದುಡ್ಡಲ್ಲಿ ಕೃಷಿಹೊಂಡ ಮಾಡಬೇಕೋ, ತೆಂಗು ಉಳಿಸೋ ಮನೆಗಳಲ್ಲಿ ಈ ಮಾತು ಪ್ರತಿ ಬೇಸಿಗೆ ಬರುತ್ತೆ.

ವಾಣಿವಿಲಾಸ ಸಾಗರ 1933ರ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದನ್ನ ಕಣ್ಣಾರೆ ನೋಡಬಹುದು. ನೆಲದೊಳಗಿನ ಕೆರೆಗೆ ಕೋಡಿ ಇಲ್ಲ, ಅದನ್ನ ಓದೋದು ನಮ್ಮಂಥೋರ ಕೆಲಸ. ಪ್ರಾಜೆಕ್ಟ್ ಹುಡುಕ್ತಿರೋರು ರಜೆಗೆ ಊರಿಗೆ ಹೋದಾಗ ಬೋರಿನ ಆಳ, ಕೊರೆಸಿದ ವರ್ಷ, ನೀರು ಸಿಕ್ಕ ಅಡಿ ಬರಕೊಂಡು ಬನ್ನಿ. ಕೆಲಸ ಅಲ್ಲಿಂದ ಶುರು.